ಧ್ರುವೀಯ ಬಂಧ

‘ಧ್ರುವ’ ಸಂಸ್ಕೃತ ಮೂಲದ ಪದ; ಅರ್ಥ, ಕದಲದ್ದು. ಮದುವೆಯ ದಿನ ವಧೂವರರಿಗೆ ತೋರಿಸುವ ಧ್ರುವ ನಕ್ಷತ್ರದ ಹೆಸರು ಭೂಮಿಯ ತುದಿಗಳಿಗೂ ಅಯಸ್ಕಾಂತಕ್ಕೂ ಅಂಟಿ, ಕೊನೆಗೆ ರಸಾಯನಶಾಸ್ತ್ರಕ್ಕೂ ಬಂತು. ಇಲ್ಲಿ ಸ್ಥಿರತೆಯ ಅರ್ಥ ಕಳಚಿ, ‘ಎದುರುಬದುರು ತುದಿ’ ಎಂಬುದಷ್ಟೇ ಉಳಿದಿದೆ.

ಎರಡು ಪರಮಾಣುಗಳು ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಂಡರೂ ಎಳೆತ ಸಮನಾಗಿರಬೇಕೆಂದಿಲ್ಲ. ಈ ಎಳೆತದ ಬಲವೇ ವಿದ್ಯುದೃಣತ್ವ. ಲೈನಸ್ ಪೌಲಿಂಗ್ 1932ರಲ್ಲಿ ಮುಂದಿಟ್ಟ ಅದರ ಮಾನದಲ್ಲಿ, ಇಂದಿನ ಪಟ್ಟಿಯಂತೆ, ಆಮ್ಲಜನಕಕ್ಕೆ 3.44, ಜಲಜನಕಕ್ಕೆ 2.20. ಹಾಗಾಗಿ ನೀರಿನಲ್ಲಿ ಜೋಡಿ ಆಮ್ಲಜನಕದತ್ತ ವಾಲುತ್ತದೆ. ಅದಕ್ಕೆ ತುಸು ಋಣ, ಜಲಜನಕಕ್ಕೆ ತುಸು ಧನ ವಿದ್ಯುದಂಶ. ಹೀಗೆ ಎದುರುಬದುರು ತುದಿಗಳಿರುವ ಬಂಧವೇ ಧ್ರುವೀಯ ಬಂಧ. ಕ್ಲೋರಿನ್ ಅಣುವಿನಲ್ಲಿ ಎರಡೂ ಪರಮಾಣು ಒಂದೇ ಬಗೆಯವಾದ್ದರಿಂದ ಬಂಧಕ್ಕೆ ಧ್ರುವವಿಲ್ಲ.

ಬೆಂಗಳೂರಿನ ಜೆ.ಪಿ. ನಗರ, ಬನಶಂಕರಿಯ ಕೊಳವೆಬಾವಿ ನೀರು ಲವಣಗಳನ್ನು ಕರಗಿಸಿ ಹಿಡಿದಿಟ್ಟುಕೊಳ್ಳುವುದು ನೀರಿನ ಅಣುವಿನ ಧ್ರುವತೆಯ ಬಲದಿಂದ. ನೀರು ಕಾಯಿಸುವ ಪಾತ್ರೆಯ ತಳದ ಬಿಳಿ ಪದರ ಆ ಲವಣಗಳದ್ದೇ.