ಫೋನಿನ ಗಂಟೆಗೆ ಒಡೆಯರಾರು?

ಮನೆಗೊಂದು ದೂರವಾಣಿ ಎಂಬುದು ಕನಸಾಗಿದ್ದ ಕಾಲ. ಬೆಂಗಳೂರಿನ ಮಾರೇನಹಳ್ಳಿ, ವಿಜಯನಗರದಂಥ ಬಡಾವಣೆಗಳಲ್ಲಿ ಎಷ್ಟೋ ಜನರ ವಿಸಿಟಿಂಗ್ ಕಾರ್ಡಿನಲ್ಲಿ ನಂಬರಿನ ಪಕ್ಕ ‘ಪಿ.ಪಿ.’ ಎಂಬ ಎರಡಕ್ಷರ ಇರುತ್ತಿತ್ತು. ಅಂದರೆ ಅದು ಪಕ್ಕದ ಮನೆಯ ಫೋನು. ಆ ಮನೆಯಾಕೆ ರಿಸೀವರ್ ಎತ್ತಿ, ಯಾರು, ಏನು ಎಂದು ವಿಚಾರಿಸಿ, ತುರ್ತಾದರೆ ಕಾಂಪೌಂಡಿನಿಂದಲೇ ಕೂಗುತ್ತಿದ್ದರು. ಇಲ್ಲವಾದರೆ ‘ಸಂಜೆ ಮಾಡಿ’ ಎಂದು ಇಟ್ಟುಬಿಡುತ್ತಿದ್ದರು.

ಈಗ ಅದೇ ಮನೆಗಳಲ್ಲಿ ತಲೆಗೊಂದು ಮೊಬೈಲ್. ಕರೆ, ಎಸ್ಸೆಮ್ಮೆಸ್, ಇ-ಮೇಲ್, ವಾಟ್ಸ್‌ಆ್ಯಪ್ ಎಲ್ಲವೂ ಅದರಲ್ಲೇ. ಆದರೆ ಪಕ್ಕದ ಮನೆಯಾಕೆಯ ಕೆಲಸ ಮಾಡುವವರು ಯಾರು?

ಮೊದಲಿನಿಂದಲೂ ದೂರವಾಣಿಯಲ್ಲಿ ಅಧಿಕಾರ ಕರೆಯುವವರದು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಟಿಐ ಕಾರ್ಖಾನೆಯ ಡಯಲ್ ಫೋನು ಗಂಟೆ ಬಾರಿಸಿದರೆ, ಯಾರೆಂದು ತಿಳಿಯಲು ಎತ್ತಲೇಬೇಕಿತ್ತು. 1995ರಲ್ಲಿ ದೇಶಕ್ಕೆ ಮೊಬೈಲ್ ಸೇವೆ ಬಂದಾಗ ಪರದೆಯ ಮೇಲೆ ನಂಬರು ಕಂಡಿತು. ಆದರೆ ಒಳಬರುವ ಕರೆಗೂ ದುಡ್ಡು ತೆರಬೇಕಿತ್ತು. ಆ ಹೊರೆ ಇಳಿದದ್ದು 2003ರ ಮೇ ತಿಂಗಳಲ್ಲಿ, ಕರೆ ಮಾಡಿದವರೇ ಹಣ ಕೊಡುವ ಪದ್ಧತಿ ಜಾರಿಯಾದಾಗ.

ಜನ ತಮ್ಮದೇ ಉಪಾಯವನ್ನೂ ಕಂಡುಕೊಂಡರು. ಅದೇ ಮಿಸ್ಡ್ ಕಾಲ್. ಒಂದು ಗಂಟೆಗೆ ‘ತಲುಪಿದೆ’, ಎರಡಕ್ಕೆ ‘ನೀವೇ ಮಾಡಿ’. ಎತ್ತುವುದೂ ಬಿಡುವುದೂ ಕೇಳುವವರ ಇಷ್ಟ. ಇದನ್ನೇ ವ್ಯಾಪಾರವಾಗಿಸಿದ ಬೆಂಗಳೂರಿನ ಜಿಪ್‌ಡಯಲ್ ಸಂಸ್ಥೆ 2010ರಲ್ಲಿ ಆರಂಭವಾಯಿತು. 2015ರಲ್ಲಿ ಟ್ವಿಟರ್ ಅದನ್ನು ಕೊಂಡಿತು.

ಕರೆ ಅಗ್ಗವಾದಂತೆ ಬೇಡದ ಕರೆಗಳೂ ಹೆಚ್ಚಿದವು. 2007ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ‘ಕರೆ ಬೇಡ’ ಎನ್ನುವವರ ನೋಂದಣಿ ತೆರೆಯಿತು. 2010ರ ನಿಯಮಗಳು ಬ್ಯಾಂಕು, ಮನೆ-ನಿವೇಶನ, ಶಿಕ್ಷಣವೆಂದು 7 ವಿಭಾಗಗಳನ್ನು ಮಾಡಿ, ಬೇಕಾದ್ದನ್ನಷ್ಟೇ ಆರಿಸುವ ಅವಕಾಶ ಕೊಟ್ಟವು. ಅದಕ್ಕೆ 1909ಕ್ಕೆ ಕರೆ ಅಥವಾ ಸಂದೇಶ ಸಾಕು. 2018ರ ನಿಯಮಗಳು ಯಾವ ದಿನ, ಯಾವ ಹೊತ್ತು ಎಂಬ ಆಯ್ಕೆಯನ್ನೂ ಸೇರಿಸಿದವು.

ಅಮೆರಿಕದಲ್ಲಿ ಇನ್ನೊಂದು ದಾರಿ ಹುಡುಕಿದರು. ಗ್ರ್ಯಾಂಡ್‌ಸೆಂಟ್ರಲ್ ಎಂಬ ಕಂಪನಿಯನ್ನು 2007ರಲ್ಲಿ ಕೊಂಡ ಗೂಗಲ್, 2009ರಲ್ಲಿ ಗೂಗಲ್ ವಾಯ್ಸ್ ಆರಂಭಿಸಿತು. ಒಂದೇ ನಂಬರು, ಮನೆ, ಕಚೇರಿ, ಜೇಬಿನ ಫೋನುಗಳಲ್ಲಿ ಯಾರ ಕರೆಗೆ ಯಾವುದು ಬಾರಿಸಬೇಕೆಂದು ಬಳಸುವವರೇ ನಿರ್ಧರಿಸಬಹುದು. ಫೋನಿನಲ್ಲಿ ಬಿಟ್ಟ ಮಾತು ಅಕ್ಷರವಾಗಿ ಇ-ಮೇಲಿಗೂ ಬರುತ್ತದೆ.

ನಮ್ಮಲ್ಲಿ ಬಾಗಿಲುಗಳು ಒಂದಾದರೂ ಚಿಲಕಗಳು ಬೇರೆ ಬೇರೆಯಾಗಿಯೇ ಉಳಿದಿವೆ. ಟ್ರಾಯ್ ನೋಂದಣಿ ಕರೆ ಮತ್ತು ಎಸ್ಸೆಮ್ಮೆಸ್‌ಗೆ ಮಾತ್ರ. ವಾಟ್ಸ್‌ಆ್ಯಪ್ ಜಾಹೀರಾತನ್ನು ಅದು ತಡೆಯದು. ಇ-ಮೇಲಿನ ಸೋಸುವಿಕೆಗೆ ಫೋನಿನ ಗೊಡವೆಯಿಲ್ಲ. ಹಕ್ಕು ದೊರೆತದ್ದು ತಂತಿಗೆ, ಮನುಷ್ಯನಿಗಲ್ಲ.

ಇದು ಬರಿಯ ಕಿರಿಕಿರಿಯ ವಿಷಯವಲ್ಲ. ‘ಡಿಜಿಟಲ್ ಅರೆಸ್ಟ್’ ಹೆಸರಿನ ವಂಚನೆ ವೀಡಿಯೊ ಕರೆಯಾಗಿಯೇ ಮನೆಯೊಳಗೆ ಬರುತ್ತದೆ. ಅದಕ್ಕೆ ಹೆದರಿ ಅಪರಿಚಿತ ನಂಬರುಗಳನ್ನೆಲ್ಲ ಮೌನವಾಗಿಸಿದರೆ, ಆಸ್ಪತ್ರೆಯಿಂದ ಬಂದ ಕರೆಯೂ ಕೇಳಿಸದೆ ಹೋಗಬಹುದು. ಯಾವುದಕ್ಕೆ ಕೂಗಬೇಕು, ಯಾವುದಕ್ಕೆ ‘ಸಂಜೆ ಮಾಡಿ’ ಎನ್ನಬೇಕು ಎಂಬ ವಿವೇಕ ಆ ಪಕ್ಕದ ಮನೆಯಾಕೆಗಿತ್ತು. ಯಂತ್ರಕ್ಕೂ ಕಾನೂನಿಗೂ ಅದು ಇನ್ನೂ ಪೂರ್ತಿ ಒಲಿದಿಲ್ಲ.