ಜರ್ಮನಿ ಲಡಾಯಿಗೆ ಹೋದವರ ಕಾಗದಗಳು

ತಿಕೋಟಾದ ಮನೆಯೊಂದರಲ್ಲಿ ನಿಕಾಹ್ ಮುಗಿದು ಊಟಕ್ಕೆ ಕುಳಿತಿದ್ದಾಗ ಆ ಮನೆಯ ಹಿರಿಯರು ನಮ್ಮ ಪಕ್ಕಕ್ಕೆ ಬಂದು ಕುಳಿತರು. ನಾವು ಹಳೆಯ ಕಾಗದಪತ್ರಗಳನ್ನು ಓದುವವರೆಂದು ಅವರಿಗೆ ಯಾರೋ ಹೇಳಿದ್ದರು. “ಮೌಲಾನಾ, ನಮ್ಮ ಮುತ್ಯಾ ಜರ್ಮನಿ ಲಡಾಯಿಗೆ ಹೋದಾಂವ ಹೊಳ್ಳಿ ಬರಲಿಲ್ಲರಿ. ಅಲ್ಲೇ ಕೈದ್ ಆಗಿದ್ದ ಅಂತಾರ. ಜರ್ಮನಿಯವರ ದಫ್ತರದಾಗ ಅವನ ಹೆಸರು ಇರಬೇಕಲ್ಲರಿ?” ಎಂದು ಕೇಳಿದರು. ಮಂಟಪದ ಗದ್ದಲದಲ್ಲಿ ನಾವು “ನೋಡೋಣ” ಎಂದಷ್ಟೇ ಹೇಳಿ ಎದ್ದೆವು. ಆದರೆ ಆ ಪ್ರಶ್ನೆ ನಮ್ಮೊಡನೆ ವಿಜಯಪುರದವರೆಗೂ ಬಂದಿತು.

ನಮ್ಮ ಭಾಗದಲ್ಲಿ ‘ಜರ್ಮನಿ ಲಡಾಯಿ’ ಎಂಬ ಮಾತು ಎರಡು ಯುದ್ಧಗಳಿಗೂ ಸಲ್ಲುತ್ತದೆ. 1914ರಿಂದ 1918ರವರೆಗಿನದೂ ಜರ್ಮನಿ ಲಡಾಯಿಯೇ, 1939ರಿಂದ 1945ರವರೆಗಿನದೂ ಜರ್ಮನಿ ಲಡಾಯಿಯೇ. ಮೆಸೊಪೊಟೇಮಿಯಾದಲ್ಲಿ ತುರ್ಕರೊಡನೆ ಕಾದಿದವನೂ ಊರವರ ಬಾಯಲ್ಲಿ ಜರ್ಮನಿಗೇ ಹೋದವನು. ಆದ್ದರಿಂದ ಹುಡುಕಾಟಕ್ಕೆ ಹೊರಟವರು ಮೊದಲು ಕೇಳಿಕೊಳ್ಳಬೇಕಾದುದು ದೇಶ ಯಾವುದೆಂದಲ್ಲ, ಯುದ್ಧ ಯಾವುದು, ದಳ ಯಾವುದು ಎಂದು. ಇವೆರಡು ತಿಳಿಯದೆ ಬರ್ಲಿನ್ನಿಗೆ ಪತ್ರ ಬರೆದರೆ ಉತ್ತರಕ್ಕಾಗಿ ಕಾದದ್ದಷ್ಟೇ ಲಾಭ.

ಮುಂದಿನ ವಾರ ನಾವು ಮತ್ತೆ ತಿಕೋಟಾಕ್ಕೆ ಹೋದಾಗ ಹಿರಿಯರು ಒಂದು ತಗಡಿನ ಡಬ್ಬಿಯನ್ನು ತಂದಿಟ್ಟರು. ಅದರಲ್ಲಿ ರೆಕ್ಕೆಯುಳ್ಳ ಹೆಣ್ಣಿನ ಆಕೃತಿಯಿದ್ದ ಕಂಚಿನ ಪದಕವೊಂದಿತ್ತು. ಅದು ಮೊದಲನೆಯ ಯುದ್ಧದ ‘ವಿಕ್ಟರಿ ಮೆಡಲ್’. ಇದರ ಜೋಡಿ ಪದಕ ಬೆಳ್ಳಿಯದು. ಅದು ಯಾವುದೋ ಬರಗಾಲದಲ್ಲಿ ಅಕ್ಕಸಾಲಿಗನ ಮೂಸೆ ಸೇರಿತ್ತೆಂದು ಮನೆಯವರು ಹೇಳಿದರು. ಬೆಳ್ಳಿಯನ್ನು ಮಾರಿ ಕಂಚನ್ನು ಉಳಿಸಿಕೊಂಡದ್ದರಿಂದಲೇ ನಮಗೆ ದಾರಿ ಸಿಕ್ಕಿತು. ಈ ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ದಳ ಇಷ್ಟನ್ನೂ ಕೊರೆದಿರುತ್ತಾರೆ. ಭೂತಗನ್ನಡಿ ಹಿಡಿದು ಓದಿದರೆ ಅದು 110ನೆಯ ಮರಾಠಾ ದಳ.

ಮರಾಠಾ ಎಂಬ ಹೆಸರಿದ್ದರೂ ಆ ಕಾಲದ ಇಂಥ ದಳಗಳಲ್ಲಿ ‘ದಖ್ಖನಿ ಮುಸಲ್ಮಾನ’ರ ತುಕಡಿಗಳೂ ಇರುತ್ತಿದ್ದವು. ಬಿಜಾಪುರ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಮ್ಮ ಓಣಿಗಳಲ್ಲಿ ಜಮಾದಾರ, ಹವಾಲ್ದಾರ, ಸುಬೇದಾರ ಎಂಬ ಅಡ್ಡಹೆಸರುಗಳು ಇಂದಿಗೂ ಇವೆ. ಎಲ್ಲವೂ ಇಂಗ್ಲಿಷರ ಸೈನ್ಯದಿಂದ ಬಂದವಲ್ಲ. ಹಳೆಯ ಸುಲ್ತಾನರ ಕಾಲದವೂ ಇದ್ದಾವು. ಅಡ್ಡಹೆಸರನ್ನೇ ಪುರಾವೆಯೆಂದು ಹಿಡಿದು ಹೊರಡುವುದು ಸಲ್ಲದು.

110ನೆಯ ಮರಾಠಾ ದಳವು 103 ಮತ್ತು 117ನೆಯ ಮರಾಠಾ ದಳಗಳೊಡನೆ ಆರನೆಯ ಪುಣೆ ಡಿವಿಷನ್ನಿನಲ್ಲಿದ್ದು, ಇರಾಕಿನ ಕೂತ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಲುಕಿತು. ಐದು ತಿಂಗಳ ಹಸಿವಿನ ನಂತರ, 1916ರ ಏಪ್ರಿಲ್ 29ರಂದು ಜನರಲ್ ಟೌನ್‌ಸೆಂಡ್ ಶರಣಾದನು. ಸುಮಾರು 13 ಸಾವಿರ ಜನ ತುರ್ಕರ ಕೈದಿಗಳಾದರು. ಬಿಸಿಲಲ್ಲಿ ನಡೆದು ಉತ್ತರಕ್ಕೆ ಹೋದವರಲ್ಲಿ ಅನೇಕರನ್ನು ರಾಸ್ ಅಲ್ ಐನ್ ಕಡೆ ಬಗ್ದಾದ್ ರೈಲುಮಾರ್ಗದ ಕೆಲಸಕ್ಕೆ ಹಚ್ಚಿದರು. ಆ ಮಾರ್ಗವನ್ನು ಕಟ್ಟಿಸುತ್ತಿದ್ದವರು ಜರ್ಮನ್ ಎಂಜಿನಿಯರರು. ಮುತ್ಯಾ ‘ಜರ್ಮನಿಯವರ ಕೈಯಾಗ ಇದ್ದ’ ಎಂಬ ಮನೆಯ ಮಾತಿಗೆ ಎಲ್ಲೋ ಒಂದು ಎಳೆ ಇದ್ದಿರಬಹುದು. ಆದರೆ ಅವನು ಜರ್ಮನಿಯ ಮಣ್ಣನ್ನು ತುಳಿದಿರಲಿಲ್ಲ. ಅವನ ಕಾಗದವನ್ನು ಅಲ್ಲಿ ಹುಡುಕುವುದು ವ್ಯರ್ಥವಾಗಿತ್ತು.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಆ ಸಂಖ್ಯೆಯೂ ದಳವೂ ಕೂಡಿ ಬರುವ ಒಂದೇ ಒಂದು ಹೆಸರು ಸಿಕ್ಕಿತು. ಜೊತೆಗೆ ತಂದೆಯ ಹೆಸರೂ ಇತ್ತು. ಸ್ಮಾರಕ ಬಸ್ರಾದಲ್ಲಿದೆ. ಅಲ್ಲಿನ ಕಲ್ಲಿನ ಮೇಲೆ ಬ್ರಿಟಿಷ್ ಸಿಪಾಯಿಗಳ ಹೆಸರುಗಳನ್ನು ಒಂದೊಂದಾಗಿ ಕೊರೆದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರನ್ನು ಮಾತ್ರ ಕೊರೆದು, ಉಳಿದವರನ್ನು ‘ಇನ್ನು ಇಷ್ಟು ಜನ ಭಾರತೀಯ ಸೈನಿಕರು’ ಎಂದು ಅಂಕಿಯಲ್ಲಿ ಮುಗಿಸಿದರು. ಈ ತಾರತಮ್ಯವನ್ನು ಆಯೋಗವೇ 2021ರ ವರದಿಯಲ್ಲಿ ಒಪ್ಪಿಕೊಂಡಿದೆ. ತಿಕೋಟಾದ ಮುತ್ಯಾ ಆ ಅಂಕಿಯೊಳಗೆ ಒಬ್ಬನು.

ಹಾಗಾದರೆ ಮೊದಲ ಯುದ್ಧದಲ್ಲಿ ನಿಜವಾಗಿಯೂ ಜರ್ಮನಿಗೆ ಕೈದಿಗಳಾಗಿ ಹೋದ ನಮ್ಮವರು ಯಾರು? 1914ರ ಸೆಪ್ಟೆಂಬರ್ ಕೊನೆಯಿಂದ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ಭಾರತೀಯ ಸೈನ್ಯದವರು. ಅವರಲ್ಲಿ ಹೆಚ್ಚಿನವರು ಪಂಜಾಬ್, ಗಡಿಪ್ರಾಂತ, ನೇಪಾಳಗಳ ಕಡೆಯವರು. ದಖ್ಖನ್ ಹಾರ್ಸ್, ಪೂನಾ ಹಾರ್ಸ್ ಎಂಬ ನಮ್ಮ ಕಡೆಯ ಹೆಸರಿನ ಅಶ್ವದಳಗಳೂ ಅಲ್ಲಿದ್ದವು. ಸೆರೆ ಸಿಕ್ಕವರನ್ನು ಬರ್ಲಿನ್ನಿನ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದ ವ್ಯೂನ್ಸ್‌ಡಾರ್ಫ್‌ನಲ್ಲಿ ‘ಹಾಲ್ಬ್‌ಮೋಂಡ್‌ಲಾಗರ್’, ಅಂದರೆ ಅರ್ಧಚಂದ್ರ ಶಿಬಿರವೆಂಬಲ್ಲಿ ಇಟ್ಟರು. ಉತ್ತರ ಆಫ್ರಿಕಾದ ಮುಸ್ಲಿಮರೂ ಅಲ್ಲಿಯೇ ಇದ್ದರು. 1915ರ ಜುಲೈ 13ರಂದು, ರಮಝಾನಿನ ಆರಂಭಕ್ಕೆ, ಅಲ್ಲಿ ಮರದ ಮಸೀದಿಯೊಂದು ತೆರೆಯಿತು. ನಮಾಝಿಗೆಂದೇ ಜರ್ಮನಿಯಲ್ಲಿ ಕಟ್ಟಿದ ಮೊದಲ ಮಸೀದಿಯೆಂದು ಅದನ್ನು ಹೇಳುತ್ತಾರೆ.

ಇದನ್ನು ಓದಿ ನಮ್ಮಲ್ಲಿ ಕೆಲವರು ಜರ್ಮನ್ ಚಕ್ರವರ್ತಿಯನ್ನು ಹೊಗಳುವುದುಂಟು. ಆತುರ ಬೇಡ. 1914ರ ನವೆಂಬರಿನಲ್ಲಿ ಇಸ್ತಾಂಬುಲಿನಿಂದ ಹೊರಟ ಜಿಹಾದಿನ ಫತ್ವಾವನ್ನು ಬಳಸಿ, ಈ ಕೈದಿಗಳನ್ನು ತಮ್ಮ ಶತ್ರುಗಳ ಮೇಲೆ ತಿರುಗಿಸುವುದು ಮಾಕ್ಸ್ ಫಾನ್ ಒಪ್ಪನ್‌ಹೈಮ್ ಮುಂತಾದವರ ಯೋಜನೆಯಾಗಿತ್ತು. ಶಿಬಿರದಲ್ಲಿ ‘ಹಿಂದೋಸ್ತಾನ್’ ಎಂಬ ಪತ್ರಿಕೆಯನ್ನು ಉರ್ದು ಮತ್ತು ಹಿಂದಿಯಲ್ಲಿ ಹಂಚಿದರು. ಕಟ್ಟಿಸಿದವರ ಉದ್ದೇಶ ಒಂದು, ಅಲ್ಲಿ ಸಜ್ದಾ ಮಾಡಿದವರ ಉದ್ದೇಶ ಇನ್ನೊಂದು. ಯೋಜನೆ ಹೆಚ್ಚು ಫಲಿಸಲಿಲ್ಲ. ಚಳಿಗೂ ಕ್ಷಯಕ್ಕೂ ಜನ ಸಾಯತೊಡಗಿದಾಗ 1917ರಲ್ಲಿ ಭಾರತೀಯರಲ್ಲಿ ಬಹುಪಾಲನ್ನು ರೊಮಾನಿಯಾಕ್ಕೆ ಸಾಗಿಸಿದರು. ಸತ್ತವರಲ್ಲಿ ಇನ್ನೂರಕ್ಕೂ ಹೆಚ್ಚು ಭಾರತೀಯರು ಹತ್ತಿರದ ಝೆಹ್ರೆನ್ಸ್‌ಡಾರ್ಫ್ ಸ್ಮಶಾನದಲ್ಲಿದ್ದಾರೆ. ದಶಕಗಳ ಕಾಲ ಸೋವಿಯತ್ ಸೈನ್ಯದ ಅಭ್ಯಾಸ ಭೂಮಿಯಾಗಿ ಹಾಳಾಗಿದ್ದ ಆ ಜಾಗವನ್ನು ಸರಿಪಡಿಸಿ 2005ರಲ್ಲಿ ಮತ್ತೆ ತೆರೆದರು. ಮಸೀದಿಯಂತೂ 1920ರ ದಶಕದಲ್ಲೇ ಕೆಡವಲ್ಪಟ್ಟಿತು.

ಆದರೆ ಆ ಶಿಬಿರದ ಧ್ವನಿ ಉಳಿದಿದೆ. 1915ರಿಂದ 1918ರವರೆಗೆ ವಿಲ್ಹೆಲ್ಮ್ ಡೋಗೆನ್ ಎಂಬ ಭಾಷಾ ಅಧ್ಯಾಪಕನ ಪ್ರೇರಣೆಯಿಂದ ಪ್ರಷ್ಯಾದ ಆಯೋಗವೊಂದು ಕೈದಿಗಳ ಮಾತು, ಹಾಡು, ಕಥೆಗಳನ್ನು ಅರಗಿನ ತಟ್ಟೆಗಳಲ್ಲಿ ಮುದ್ರಿಸಿತು. ಅವು ಇಂದು ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದ ‘ಲೌಟ್‌ಆರ್ಖಿವ್’ ಸಂಗ್ರಹದಲ್ಲಿವೆ. 1916ರ ಡಿಸೆಂಬರ್ 11ರಂದು ಮಾಲ್ ಸಿಂಗ್ ಎಂಬ ಪಂಜಾಬಿ ಸಿಪಾಯಿ ಆ ಕೊಳವೆಯ ಮುಂದೆ ನಿಂತು, ತನ್ನ ಕಥೆಯನ್ನೇ ಬೇರೊಬ್ಬನದೆಂಬಂತೆ ಹೇಳಿ, ಊರಿನ ಬೆಣ್ಣೆಯನ್ನು ನೆನೆದು, ಹಿಂದಿರುಗುವ ಆಸೆಯನ್ನು ತೋಡಿಕೊಂಡನು. ಪ್ರತಿ ತಟ್ಟೆಯೊಡನೆ ಒಂದು ವಿವರಪತ್ರವಿದೆ. ಹೆಸರು, ಹುಟ್ಟಿದ ಊರು, ತಂದೆತಾಯಿ ಎಲ್ಲಿಯವರು, ಯಾವ ಮತ, ಯಾವ ಕಸುಬು, ಯಾವ ಭಾಷೆಗಳು ಬರುತ್ತವೆ, ಓದು ಬರಹ ಎಷ್ಟು ಎಂಬುದೆಲ್ಲ ಅದರಲ್ಲಿದೆ. ಮದರಸದಲ್ಲಿ ಹದೀಸ್ ಕಲಿತವರಿಗೆ ಈ ಪತ್ರ ಕಂಡಾಗ ಅಸ್ಮಾಉರ್ರಿಜಾಲ್ ಗ್ರಂಥಗಳು ನೆನಪಾಗದಿರಲಾರವು. ಅಲ್ಲಿಯೂ ಮಾತಿಗಿಂತ ಮೊದಲು ಮಾತಾಡಿದವನು ಯಾರ ಮಗ, ಎಲ್ಲಿಯವನು, ಯಾರಿಂದ ಕೇಳಿದನು ಎಂಬ ವಿಚಾರಣೆ. ವ್ಯತ್ಯಾಸವಿಷ್ಟೇ: ನಮ್ಮ ವಿದ್ವಾಂಸರು ಕೇಳಿದ್ದು ಮಾತಿನ ಸತ್ಯಕ್ಕಾಗಿ. ಈ ಆಯೋಗಕ್ಕೆ ಬೇಕಾದದ್ದು ಭಾಷೆಯ ಮಾದರಿ. ಮನುಷ್ಯ ಅದರ ಜೊತೆಗೆ ಅಕಸ್ಮಾತ್ತಾಗಿ ಉಳಿದನು.

ಇದನ್ನು ಬಿಟ್ಟರೆ ಆ ಯುದ್ಧದ ಪ್ರಷ್ಯನ್ ಸೈನ್ಯದ ದಾಖಲೆಗಳಲ್ಲಿ ಹೆಚ್ಚಿನವು 1945ರ ಏಪ್ರಿಲ್ 14ರ ಬಾಂಬ್ ದಾಳಿಯಲ್ಲಿ ಪಾಟ್ಸ್‌ಡ್ಯಾಮ್‌ನಲ್ಲಿ ಸುಟ್ಟುಹೋದವು. ಆದುದರಿಂದ 1914-18ರ ಕೈದಿಯನ್ನು ಹುಡುಕುವವರು ಜಿನೀವಾದ ರೆಡ್‌ಕ್ರಾಸ್ ಸಂಸ್ಥೆಯ ಕಡೆಗೆ ತಿರುಗಬೇಕು. 1914ರ ಆಗಸ್ಟ್‌ನಲ್ಲಿ ಆ ಸಂಸ್ಥೆ ತೆರೆದ ಕೈದಿಗಳ ಕಚೇರಿಯ ಲಕ್ಷಾಂತರ ಚೀಟಿಗಳು ಇಂದು ಅಂತರ್ಜಾಲದಲ್ಲಿ ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ಜರ್ಮನ್ ವಿದೇಶಾಂಗ ಇಲಾಖೆಯ ರಾಜಕೀಯ ದಾಖಲೆಗಳ ಸಂಗ್ರಹದಲ್ಲಿ ಭಾರತೀಯ ಕೈದಿಗಳ ಕುರಿತ ಕಡತಗಳಿವೆ. ಆದರೆ ಅಲ್ಲಿ ಸಿಗುವುದು ಹೆಚ್ಚಾಗಿ ಅಧಿಕಾರಿಗಳ ಲೆಕ್ಕಾಚಾರ. ಒಬ್ಬೊಬ್ಬ ಸಿಪಾಯಿಯ ಬದುಕು ಅದರಲ್ಲಿ ಕಾಣುವುದು ಅಪರೂಪ.

ಎರಡನೆಯ ಮನೆ ಬಬಲೇಶ್ವರದ್ದು. ಅಲ್ಲಿಯ ಅಜ್ಜ ಸೈನ್ಯದ ಸರಬರಾಜು ದಳದಲ್ಲಿ ಲಾರಿ ಚಾಲಕರು. ಅವರು ಜೀವಂತವಾಗಿ ಮರಳಿದರು. ರೊಟ್ಟಿ ಮುರಿಯುವಾಗ ಮೊಮ್ಮಕ್ಕಳಿಗೆ “ಬ್ರೋಟ್” ಎಂದು ನಗುತ್ತಿದ್ದರಂತೆ. ಜರ್ಮನ್ ಭಾಷೆಯಲ್ಲಿ ರೊಟ್ಟಿಗೆ ಅದೇ ಹೆಸರು. ಬೇರೇನನ್ನೂ ಹೇಳಲಿಲ್ಲ. ಸಂದೂಕಿನಲ್ಲಿ ‘ಕ್ರೀಗ್ಸ್‌ಗೆಫಾಂಗೆನೆನ್‌ಪೋಸ್ಟ್’, ಅಂದರೆ ಯುದ್ಧಕೈದಿಗಳ ಅಂಚೆ ಎಂದು ಅಚ್ಚಾಗಿದ್ದ ಖಾಲಿ ಕಾರ್ಡೊಂದು ಉಳಿದಿತ್ತು. ಬರೆಯದೆ ಉಳಿದ ಆ ಕಾರ್ಡೇ ಅವರು ಜರ್ಮನರ ವಶದಲ್ಲಿದ್ದುದಕ್ಕೆ ಸಾಕ್ಷಿ.

ಉತ್ತರ ಆಫ್ರಿಕಾದ ತೊಬ್ರೂಕ್ 1942ರ ಜೂನ್ 21ರಂದು ಜರ್ಮನರಿಗೆ ಬಿದ್ದಾಗ ಸುಮಾರು 33 ಸಾವಿರ ಜನ ಸೆರೆಯಾದರು. ಅವರಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಎರಡನೆಯ ಬೆಟಾಲಿಯನ್ ಕೂಡ ಇತ್ತು. ಆಫ್ರಿಕಾದಲ್ಲಿ ಸಿಕ್ಕವರನ್ನು ಮೊದಲು ಇಟಲಿಗೆ ಒಯ್ದರು. ಭಾರತೀಯರಿಗೆ ಅವೆಜ್ಜಾನೊದಲ್ಲಿ ಶಿಬಿರವಿತ್ತು. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾದ ಮೇಲೆ ಸಿಕ್ಕಸಿಕ್ಕವರನ್ನು ಜರ್ಮನರು ರೈಲಿನಲ್ಲಿ ಉತ್ತರಕ್ಕೆ ಸಾಗಿಸಿದರು. ಕೆಲವರು ಫ್ರಾನ್ಸಿನ ಎಪಿನಾಲ್ ಶಿಬಿರಕ್ಕೆ ಬಿದ್ದರು. 1944ರ ಮೇ 11ರಂದು ಅಮೆರಿಕದ ಬಾಂಬುಗಳು ಆ ಶಿಬಿರದ ಗೋಡೆ ಒಡೆದಾಗ, ನೂರಾರು ಭಾರತೀಯರು ಕಾಲ್ನಡಿಗೆಯಲ್ಲಿ ಸ್ವಿಟ್ಜರ್ಲೆಂಡ್ ಮುಟ್ಟಿದರು.

ಜಿನೀವಾ ಒಪ್ಪಂದದಂತೆ ಪ್ರತಿ ಕೈದಿಗೂ ಜರ್ಮನರು ಒಂದು ‘ಪರ್ಸೊನಾಲ್‌ಕಾರ್ಟೆ’ ಬರೆಯುತ್ತಿದ್ದರು. ಕೈದಿ ಸಂಖ್ಯೆ, ಭಾವಚಿತ್ರ, ಬೆರಳಚ್ಚು, ಸೆರೆಯಾದ ಜಾಗ, ಒಂದು ಶಿಬಿರದಿಂದ ಇನ್ನೊಂದಕ್ಕೆ ಹೋದ ದಿನ, ಸುದ್ದಿ ಮುಟ್ಟಿಸಬೇಕಾದ ಮನೆಯವರ ಹೆಸರು ಅದರಲ್ಲಿರುತ್ತವೆ. ಇವನ್ನು ನೋಡಿಕೊಳ್ಳಲು 1939ರ ಆಗಸ್ಟಿನಲ್ಲೇ ಬರ್ಲಿನ್ನಿನಲ್ಲಿ ಕಚೇರಿಯೊಂದು ಆರಂಭವಾಗಿತ್ತು. 2019ರಿಂದ ಅದು ಜರ್ಮನ್ ರಾಷ್ಟ್ರೀಯ ದಾಖಲೆಗಳ ಸಂಸ್ಥೆಯಾದ ಬುಂಡೆಸ್‌ಆರ್ಖಿವ್‌ನಲ್ಲಿ ಸೇರಿದೆ. ಆದರೆ ಬ್ರಿಟಿಷ್ ಮತ್ತು ಕಾಮನ್‌ವೆಲ್ತ್ ಕೈದಿಗಳ ಕಾರ್ಡುಗಳು ಯುದ್ಧಾನಂತರ ಬ್ರಿಟಿಷರ ಕೈಸೇರಿದವು. ಉಳಿದುಬಂದವು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆಗಾರದಲ್ಲಿ ಡಬ್ಲ್ಯುಒ 416 ಎಂಬ ಸರಣಿಯಲ್ಲಿವೆ. ಜರ್ಮನ್ ಗುಮಾಸ್ತನು ಬರೆದ ಬಬಲೇಶ್ವರದ ಮನುಷ್ಯನ ಚೀಟಿಯನ್ನು ಹುಡುಕಲು ಇಂಗ್ಲೆಂಡಿಗೆ ಬರೆಯಬೇಕು! ನಮ್ಮ ಊರಿಗೆ ಇದು ಹೊಸದಲ್ಲ. ಆಸಾರ್ ಮಹಲಿನಲ್ಲಿದ್ದ ಆದಿಲ್‌ಶಾಹಿ ಹಸ್ತಪ್ರತಿಗಳೂ ಲಂಡನ್ನಿಗೇ ಹೋದವು. ಅಲ್ಲಿ ಅವು ಸೇರಿದ ಗ್ರಂಥಾಲಯದ ಅರಬಿ ಹಸ್ತಪ್ರತಿಗಳಿಗೆ 1877ರಲ್ಲಿ ಸೂಚಿ ಬರೆದವನು ಒಟ್ಟೊ ಲೋತ್ ಎಂಬ ಜರ್ಮನ್ ವಿದ್ವಾಂಸ.

ಹೆಸರಿನ ತೊಡಕು ಬೇರೆ. ನಮ್ಮ ಹಿರಿಯರಿಗೆ ಅಡ್ಡಹೆಸರು ಬರೆಸುವ ರೂಢಿಯಿರಲಿಲ್ಲ. ಹುಸೇನಸಾಬ, ಮಕ್ತುಮಸಾಬ, ದಸ್ತಗೀರ ಎಂಬಷ್ಟೇ. ಇಂಗ್ಲಿಷ್ ಗುಮಾಸ್ತನು ಕಿವಿಗೆ ಬಿದ್ದಂತೆ ಬರೆದುದನ್ನು ಜರ್ಮನ್ ಗುಮಾಸ್ತನು ತನ್ನ ಕಿವಿಗೆ ತಕ್ಕಂತೆ ತಿದ್ದಿರಬಹುದು. ಅವರ ಬರಹದಲ್ಲಿ ‘ಜ’ಕಾರಕ್ಕೆ ಡಿ, ಎಸ್, ಸಿ, ಎಚ್ ಎಂಬ ನಾಲ್ಕು ಅಕ್ಷರಗಳು, ‘ಯ’ಕಾರಕ್ಕೆ ಜೆ. ಹೀಗಾಗಿ ಜಾಫರನನ್ನು ಡಿ ಅಕ್ಷರದಲ್ಲೂ ಯೂಸುಫನನ್ನು ಜೆ ಅಕ್ಷರದಲ್ಲೂ ನೋಡಬೇಕಾದೀತು. ಹುಟ್ಟಿದ ದಿನಾಂಕ ಕೇಳಿದರೆ ಮನೆಯವರು “ಪ್ಲೇಗ್ ಬಂದಾಗ ಕೂಸು ಇದ್ದರಂತ” ಎನ್ನುತ್ತಾರೆ. ಅರ್ಜಿಯಲ್ಲಿ ಅಂಥ ಉತ್ತರಕ್ಕೆ ಜಾಗವಿಲ್ಲ.

ಮೊಮ್ಮಕ್ಕಳ ಆಸೆ ಬೇರೆಯೇ ಇತ್ತು. ಅಜ್ಜ ನೇತಾಜಿಯವರ ಜರ್ಮನಿ ಪಡೆಯಲ್ಲಿದ್ದರೆಂದು ಕಾಗದ ಸಿಕ್ಕರೆ ಊರಲ್ಲಿ ಮಾನ ಹೆಚ್ಚುತ್ತದೆಂದು. 1941ರಲ್ಲಿ ಬರ್ಲಿನ್ ಸೇರಿದ ಸುಭಾಸಚಂದ್ರ ಬೋಸರು ಕೈದಿಗಳಿಂದ ಕಟ್ಟಿದ ಆ ದಳದಲ್ಲಿ ಮೂರು ಸಾವಿರದ ಆಸುಪಾಸು ಜನರಿದ್ದರು. ಹೈದರಾಬಾದಿನ ಆಬಿದ್ ಹಸನ್ ಅವರ ಕಾರ್ಯದರ್ಶಿಯಾಗಿ 1943ರಲ್ಲಿ ಜಲಾಂತರ್ಗಾಮಿಯಲ್ಲಿ ಜೊತೆಗೇ ಹೊರಟರು. ಆದರೆ ಆ ದಳ ಹಿಟ್ಲರನ ಹೆಸರಿನಲ್ಲೂ ಪ್ರಮಾಣ ಮಾಡಿತು, 1944ರಲ್ಲಿ ಅದನ್ನು ಎಸ್‌ಎಸ್ ಪಡೆಗೆ ಸೇರಿಸಿದರು. ಯೂರೋಪಿನಲ್ಲಿದ್ದ ಭಾರತೀಯ ಕೈದಿಗಳಲ್ಲಿ ಬಹುಪಾಲು ಅದನ್ನು ಸೇರಲಿಲ್ಲ. ಸೇರಿದವರಲ್ಲಿ ದೇಶಪ್ರೇಮಿಗಳೂ ಇದ್ದರು, ಹಸಿದವರೂ ಇದ್ದರು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಇವರೆಲ್ಲರನ್ನು ಬಿಳಿ, ಬೂದು, ಕಪ್ಪು ಎಂದು ವಿಂಗಡಿಸಿದರು. ಕಾಗದ ಏನೇ ಹೇಳಲಿ, ಅದನ್ನು ಒಪ್ಪುವ ಮನಸ್ಸಿದ್ದರೆ ಮಾತ್ರ ಅರ್ಜಿ ಹಾಕೋಣವೆಂದು ನಾವು ಆ ಹುಡುಗರಿಗೆ ಹೇಳಿದೆವು. ಒಬ್ಬನು ಮೌನವಾದ. ಅವನ ತಂಗಿ ಪೆನ್ನು ತಂದಳು.

ಕಾಗದವಿಲ್ಲದೆ ಹೋದುದರ ಭಾರ ಹೆಚ್ಚಾಗಿ ಹೆಣ್ಣಿನ ಮೇಲೆ ಬಿದ್ದಿತು ಎಂಬುದನ್ನು ತಿಕೋಟಾದ ಮನೆಯಲ್ಲಿ ಅರಿತೆವು. ಮುತ್ಯಾನ ಹೆಂಡತಿ ಸಾಯುವತನಕ ಬಳೆ ತೆಗೆಯಲಿಲ್ಲ, ಇದ್ದತ್ತಿಗೂ ಕೂರಲಿಲ್ಲ. ಸತ್ತ ಸುದ್ದಿಯೇ ಇಲ್ಲದಿರುವಾಗ ಇದ್ದತ್ ಎಲ್ಲಿಂದ ಎಣಿಸಬೇಕು? ಪದಕ ಅಂಚೆಯಲ್ಲಿ ಬಂದಾಗ ಅದನ್ನು ಗಂಡನ ಇನಾಮು ಎಂದೇ ಬಗೆದಳಂತೆ. ಕಾಣೆಯಾದವನನ್ನು ಫಿಕ್ಹ್ ‘ಮಫ್ಕೂದ್’ ಎನ್ನುತ್ತದೆ. ಹಳೆಯ ಹನಫಿ ಮತದಂತೆ ಅವನ ಸಮವಯಸ್ಕರು ತೀರುವವರೆಗೆ ಹೆಂಡತಿ ಕಾಯಬೇಕಿತ್ತು, ಮಾಲಿಕಿ ಮತದಲ್ಲಿ ನಾಲ್ಕು ವರ್ಷ. ಈ ಸಂಕಟವನ್ನು ಕಂಡೇ ಮೌಲಾನಾ ಅಶ್ರಫ್ ಅಲಿ ಥಾನವಿಯವರು ‘ಅಲ್ ಹೀಲತುನ್ನಾಜಿಝಾ’ದಲ್ಲಿ ಮಾಲಿಕಿ ಅಭಿಪ್ರಾಯದ ಬಾಗಿಲು ತೆರೆದರು. 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯಿದೆಯಲ್ಲಿ ಗಂಡನ ಸುಳಿವು ನಾಲ್ಕು ವರ್ಷ ಸಿಗದಿದ್ದರೆ ವಿವಾಹ ರದ್ದತಿ ಕೇಳುವ ಹಕ್ಕು ಬಂದಿತು. ತಿಕೋಟಾದ ಆ ತಾಯಿಗೆ ಆಗ ಇಪ್ಪತ್ತಮೂರು ವರ್ಷಗಳ ಕಾಯುವಿಕೆ ಮುಗಿದಿತ್ತು.

ಬಬಲೇಶ್ವರದ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ತಿಕೋಟಾದ ಹಿರಿಯರಿಗೆ ನಾವು ಪಟ್ಟಿಯಲ್ಲಿದ್ದುದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ಕೊಟ್ಟೆವು: ಹೆಸರು, ತಂದೆಯ ಹೆಸರು, ಸಂಖ್ಯೆ, ದಳ, 1916. ಆ ಜುಮಾ ದಿನ ಅವರು ಚೀಟಿಯನ್ನು ಇಮಾಮರ ಕೈಗಿತ್ತರು. ನಮಾಝಿನ ನಂತರ ದುಆದಲ್ಲಿ ಆ ಹೆಸರನ್ನು ತಂದೆಯ ಹೆಸರಿನೊಡನೆ ಓದಿದರು. ಸಾಲಿನಲ್ಲಿ ಹಿಂದೆ ಕುಳಿತಿದ್ದ ಹಿರಿಯರು ತಂದೆಯ ಹೆಸರು ಸರಿಯಾಗಿ ಕೇಳಲಿಲ್ಲವೆಂದು ಮತ್ತೊಮ್ಮೆ ಓದಿಸಿದರು.