ಡಬ್ಬಿಯ ನಡುವಿಗೆ ತಲುಪದ ಶಾಖ

ಲಂಡನ್ನಿನ ಪಿಕಡಿಲಿ ರಸ್ತೆಯಲ್ಲಿ ಫೋರ್ಟ್‌ನಮ್ ಅಂಡ್ ಮೇಸನ್ ಎಂಬ ಐಷಾರಾಮಿ ಮಳಿಗೆ ಇದೆ. 1707ರಲ್ಲಿ ಪ್ರಾರಂಭವಾದ ಇದು ಕಿತ್ತಳೆಯ ಮಾರ್ಮಲೇಡ್, ಜಾಮ್, ಚಟ್ನಿ, ಜಾಡಿಯಲ್ಲಿ ತುಂಬಿದ ಸ್ಟಿಲ್ಟನ್ ಚೀಸ್ ಮುಂತಾದ ಉತ್ತಮ ದರ್ಜೆಯ ತಿನಿಸುಗಳಿಗೆ ಹೆಸರುವಾಸಿ. ಇಂಥ ಕಪಾಟಿನ ಮುಂದೆ ನಿಂತವರು ರುಚಿ ಮತ್ತು ಬೆಲೆಯನ್ನು ಗಮನಿಸುತ್ತಾರೆ. ಆದರೆ ಇವು ತಿಂಗಳುಗಟ್ಟಲೆ ಕೆಡದೆ ಉಳಿಯುವುದು ಹೇಗೆಂದು ನೀವು ಯೋಚಿಸಿದ್ದೀರಾ?

ಜಾಮ್‌ನಲ್ಲಿರುವ ಸಕ್ಕರೆ ನೀರನ್ನು ಹಿಡಿದಿಟ್ಟುಕೊಂಡು ಸೂಕ್ಷ್ಮಜೀವಿಗಳಿಗೆ ಸಿಗದಂತೆ ಮಾಡುತ್ತದೆ. ನಮ್ಮ ಮಾವಿನ ಉಪ್ಪಿನಕಾಯಿಯಲ್ಲಿ ಈ ಕೆಲಸ ಉಪ್ಪು ಮತ್ತು ಹುಳಿಯದು. ಆದರೆ ಸಿಹಿಯೂ ಹುಳಿಯೂ ಇಲ್ಲದ ಮಾಂಸ, ಬಟಾಣಿಗಳನ್ನು ಕಾಪಾಡುವುದು ಹೇಗೆ?

ಇದಕ್ಕೆ ದಾರಿ ತೋರಿಸಿದವನು ವಿಜ್ಞಾನಿಯಲ್ಲ, ಫ್ರಾನ್ಸಿನ ಮಿಠಾಯಿ ತಯಾರಕ ನಿಕೊಲಾ ಅಪೆರ್. ಆಹಾರವನ್ನು ಗಾಜಿನ ಬಾಟಲಿಯಲ್ಲಿ ತುಂಬಿ, ಬಿಗಿಯಾಗಿ ಬಿರಡೆ ಹಾಕಿ, ಬಾಟಲಿಯನ್ನೇ ನೀರಿನಲ್ಲಿ ಕುದಿಸುವುದು ಅವನ ವಿಧಾನ. 1810ರಲ್ಲಿ ಫ್ರೆಂಚ್ ಸರ್ಕಾರ 12,000 ಫ್ರಾಂಕ್ ನೀಡಿ ಇದನ್ನು ಪ್ರಕಟಪಡಿಸುವಂತೆ ಮಾಡಿತು. ಬಾಟಲಿಯೊಳಗಿನ ಗಾಳಿಯನ್ನು ಪರೀಕ್ಷಿಸಿದ ಗೇ-ಲುಸಾಕ್‌ಗೆ ಅದರಲ್ಲಿ ಆಕ್ಸಿಜನ್ ಕಾಣಲಿಲ್ಲ. ಆಕ್ಸಿಜನ್ ಇಲ್ಲದಿರುವುದರಿಂದಲೇ ಆಹಾರ ಕೆಡುವುದಿಲ್ಲ ಎಂದು ಅವನು ತೀರ್ಮಾನಿಸಿದ. ವಿಧಾನ ಸರಿಯಾಗಿತ್ತು, ವಿವರಣೆ ತಪ್ಪಾಗಿತ್ತು!

ಅದೇ ವರ್ಷ ಪೀಟರ್ ಡ್ಯುರಾಂಡ್ ಇಂಗ್ಲೆಂಡಿನಲ್ಲಿ ತವರ ಲೇಪಿತ ಡಬ್ಬಿಯನ್ನೂ ಒಳಗೊಂಡ ಪೇಟೆಂಟ್ ಪಡೆದ. ಬ್ರಯಾನ್ ಡಾಂಕಿನ್‌ನ ಕಾರ್ಖಾನೆಯಿಂದ 1813ರಲ್ಲಿ ಡಬ್ಬಿಗಳು ಹೊರಬಂದವು. ಪ್ರತಿಯೊಂದನ್ನೂ ಕುಶಲಕರ್ಮಿ ಕೈಯಿಂದಲೇ ಕತ್ತರಿಸಿ ಬೆಸುಗೆ ಹಾಕಬೇಕಿತ್ತು. ಹಾಗಾಗಿ ಅವು ದುಬಾರಿ. ಅವುಗಳ ಗುಣಮಟ್ಟವನ್ನು ನೋಡಿ: 1824ರಲ್ಲಿ ಆರ್ಕ್‌ಟಿಕ್ ಯಾತ್ರೆಗೆ ಹೋಗಿ ತೆರೆಯದೆ ಮರಳಿದ ಕರುವಿನ ಮಾಂಸದ ಡಬ್ಬಿಯೊಂದನ್ನು 1930ರ ದಶಕದ ಕೊನೆಯಲ್ಲಿ ತೆರೆದಾಗ ಮಾಂಸ ಕೆಟ್ಟಿರಲಿಲ್ಲ.

ಹಾಗಿದ್ದರೆ 1852ರಲ್ಲಿ ಏನಾಯಿತು? ಸ್ಟೀಫನ್ ಗೋಲ್ಡ್‌ನರ್ ಬ್ರಿಟಿಷ್ ನೌಕಾಪಡೆಗೆ ಒದಗಿಸಿದ್ದ ಮಾಂಸದ ಡಬ್ಬಿಗಳನ್ನು ಗಾಸ್‌ಪೋರ್ಟ್‌ನ ಉಗ್ರಾಣದಲ್ಲಿ ತೆರೆದಾಗ ಬಹುಪಾಲು ಕೊಳೆತು ನಾರುತ್ತಿದ್ದವು. ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. ಗೋಲ್ಡ್‌ನರ್ ನೀರಿನ ಬದಲು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಕುದಿಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದವನು. ಅದು 100 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ತಾಪದಲ್ಲಿ ಕುದಿಯುತ್ತದೆ. ಹೊರಗೆ ಹೆಚ್ಚು ತಾಪವಿದ್ದೂ ಒಳಗೆ ಕೊಳೆತದ್ದೇಕೆ? ಕಳಪೆ ಮಾಂಸ ತುಂಬಿದ ಆರೋಪವೂ ಇತ್ತು. ಆದರೆ ಡಬ್ಬಿಗಳ ಗಾತ್ರವೂ ದೊಡ್ಡದಾಗಿತ್ತು.

ಇಲ್ಲಿ ಭೌತವಿಜ್ಞಾನದ ಸರಳ ನಿಯಮವೊಂದಿದೆ. ಗಟ್ಟಿಯಾಗಿ ತುಂಬಿದ ಮಾಂಸದಲ್ಲಿ ಶಾಖ ವಹನದಿಂದ ಮಾತ್ರ ಸಾಗುತ್ತದೆ. ನಡುಭಾಗ ಕಾಯಲು ಬೇಕಾದ ಕಾಲ ಗಾತ್ರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಡಬ್ಬಿಯ ಅಗಲ, ಎತ್ತರಗಳನ್ನು ಎರಡರಷ್ಟು ಮಾಡಿದರೆ ಕಾಲ ನಾಲ್ಕರಷ್ಟಾಗುತ್ತದೆ. ಸಣ್ಣ ಡಬ್ಬಿಯಲ್ಲಿ ಪಳಗಿದ ಕೈ ದೊಡ್ಡ ಡಬ್ಬಿಗೆ ಬಂದಾಗ ಸೋಲುವುದು ಸಹಜ. ಗಾಳಿ ಹೊರಹೋದರೆ ಸಾಕೆಂದು ನಂಬಿದವರಿಗೆ ನಡುವಿನ ತಾಪವನ್ನು ಅಳೆಯಲು ಕಾರಣವೇ ಇರಲಿಲ್ಲ.

1860ರ ದಶಕದಲ್ಲಿ ಪಾಶ್ಚರ್ ಕೊಳೆತಕ್ಕೆ ಸೂಕ್ಷ್ಮಜೀವಿಗಳು ಕಾರಣವೆಂದು ತೋರಿಸಿದ. 1886ರಲ್ಲಿ ಅಮೆರಿಕದ ಹೆನ್ರಿ ಹೈಂಜ್ ತನ್ನ ಸರಕಿನ ಮಾದರಿಗಳೊಡನೆ ಫೋರ್ಟ್‌ನಮ್ ಮಳಿಗೆಗೇ ಬಂದ. ಕೊನೆಗೆ 1895ರಿಂದ ಬಾಸ್ಟನ್ನಿನಲ್ಲಿ ಸ್ಯಾಮ್ಯುಯೆಲ್ ಪ್ರೆಸ್ಕಾಟ್ ಮತ್ತು ವಿಲಿಯಂ ಅಂಡರ್‌ವುಡ್ ನಡೆಸಿದ ಸಂಶೋಧನೆ, ಕುದಿಯುವ ನೀರಿನಲ್ಲೂ ಬದುಕುವ ಬೀಜಾಣುಗಳನ್ನು ಕೊಲ್ಲಲು ಎಷ್ಟು ತಾಪ, ಎಷ್ಟು ಕಾಲ ಬೇಕೆಂಬ ಲೆಕ್ಕಕ್ಕೆ ತಳಹದಿ ಹಾಕಿತು. ಅಪೆರ್‌ನ ಪುಸ್ತಕದಿಂದ ಇಲ್ಲಿಗೆ 85 ವರ್ಷ!

ಹುಳಿ ಕಡಿಮೆ ಇರುವ ಆಹಾರದ ಡಬ್ಬಿಯ ನಡುಭಾಗ 121 ಡಿಗ್ರಿಯಲ್ಲಿ ಸುಮಾರು 3 ನಿಮಿಷ ಇರಬೇಕೆಂಬುದು ಇಂದಿನ ಕನಿಷ್ಠ ಮಟ್ಟ. ಇಲ್ಲವಾದರೆ ಬಾಟುಲಿನಮ್ ಬ್ಯಾಕ್ಟೀರಿಯ ಬೆಳೆದು, ವಾಸನೆಯ ಸುಳಿವನ್ನೂ ಕೊಡದೆ ಮಾರಕ ವಿಷ ತಯಾರಿಸಬಲ್ಲದು.

ಕೈಯಿಂದ ಮಾಡಿದ ತಿನಿಸಿಗೆ ಈಗ ಮತ್ತೆ ಬೇಡಿಕೆ ಬಂದಿದೆ. ಸಂತೋಷವೇ. ಕೈಗುಣ ರುಚಿ ಕೊಡಬಲ್ಲದು, ಸುರಕ್ಷತೆಯನ್ನಲ್ಲ. ಅದಕ್ಕೆ ಅಳತೆ ಬೇಕು. ಉಪ್ಪಿನಕಾಯಿಯನ್ನು ಧಾರಾಳವಾಗಿ ಹಾಕಿಡಿ. ಆದರೆ ತರಕಾರಿಯನ್ನೋ ಮಾಂಸವನ್ನೋ ಬರಿದೆ ಕುದಿಸಿ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ ತಿಂಗಳುಗಟ್ಟಲೆ ಹೊರಗಿಡುವ ಮುನ್ನ ಗೋಲ್ಡ್‌ನರ್‌ನ ಡಬ್ಬಿಗಳನ್ನು ನೆನೆಯಿರಿ.